ನರಿಯ ಹಿಕ್ಕೆಯಲ್ಲಿ ಮೊಟ್ಟೆ ಕಾಣದಿದ್ದರೆ ಹುಳು ಇಲ್ಲ ಅಂತಾನಾ?

ಕಾಡಿನ ಕೆಂಪು ನರಿಯ ಹಿಕ್ಕೆಯಲ್ಲಿ ಮೊಟ್ಟೆ ಕಾಣದಿದ್ದರೆ ಎಕಿನೊಕಾಕಸ್ ಮಲ್ಟಿಲಾಕ್ಯುಲಾರಿಸ್ ಅನ್ನುವ ಲಾಡಿಹುಳು ಇಲ್ಲ ಅನ್ನಬಹುದಾ, ಎಲೈಸಾ ನಂಬಬೇಕಾ ಪಿಸಿಆರ್ ನಂಬಬೇಕಾ ಅಂತ ಕೇಳಿದ್ದೀರಿ.

ಮೊಟ್ಟೆ ಕಾಣಲಿಲ್ಲ ಅಂತ ಹುಳು ಇಲ್ಲ ಅಂತ ಮಾತ್ರ ಬರೆದುಕೊಳ್ಳಬೇಡಿ. ಸೋಂಕು ತಗುಲಿ ಸುಮಾರು 4 ವಾರ ಈ ಲಾಡಿಹುಳು ಮೊಟ್ಟೆಯನ್ನೇ ಬಿಡುವುದಿಲ್ಲ. ಆಮೇಲೂ ಪ್ರತಿ ಹಿಕ್ಕೆಯಲ್ಲಿ ಸಿಗುತ್ತದೆ ಅನ್ನುವ ಹಾಗಿಲ್ಲ. ಸಿಕ್ಕಿದರೂ ಟೀನಿಯಾ ಅನ್ನುವ ಬೇರೆ ಲಾಡಿಹುಳುಗಳ ಮೊಟ್ಟೆ ಸೂಕ್ಷ್ಮದರ್ಶಕದಲ್ಲಿ ಥೇಟ್ ಹಾಗೇ ಕಾಣುತ್ತದೆ.

ಸತ್ತ ನರಿ ಸಿಕ್ಕಿದೆ ಅಂದರೆ ನಾನು ಬೇರೆ ಯಾವುದನ್ನೂ ಯೋಚಿಸುವುದಿಲ್ಲ, ಗಸಿ ಇಳಿಸಿ ಎಣಿಸುವ ಹಳೇ ವಿಧಾನವೇ. ಸಣ್ಣ ಕರುಳನ್ನು ಉದ್ದಕ್ಕೆ ಸೀಳಿ, ಉಪ್ಪುನೀರಿನಲ್ಲಿ ಜೋರಾಗಿ ಕುಲುಕಿ, ಒಳಪದರವನ್ನು ಬೆರಳಲ್ಲಿ ಹಿಂಡಿ ತೆಗೆದು, ತಳಕ್ಕೆ ಕೂತ ಗಸಿಯನ್ನು ನೀರು ತಿಳಿಯಾಗುವ ತನಕ ತೊಳೆದು, ಸ್ವಲ್ಪ ಸ್ವಲ್ಪವೇ ತಟ್ಟೆಗೆ ಹಾಕಿ ನೋಡಬೇಕು. ಹುಳು ಇರುವುದೇ ಹೆಚ್ಚೆಂದರೆ 4-5 ಮಿಲಿಮೀಟರ್. ಕರುಳಿನ ಕೆಲವು ಕಡೆ ಮಾತ್ರ ಕೆರೆದು ನೋಡುವ ವಿಧಾನ ಬೇಗ ಮುಗಿಯುತ್ತದೆ ನಿಜ, ಆದರೆ ಹುಳು ಕಡಿಮೆ ಇದ್ದಾಗ ತಪ್ಪಿಹೋಗುತ್ತದೆ. ದಯವಿಟ್ಟು ಕರುಳು ತೆರೆಯುವ ಮುಂಚೆ ಮೈನಸ್ 80 ಡಿಗ್ರಿಯಲ್ಲಿ ಕೆಲವು ದಿನ ಇಡಿ. ಮೈನಸ್ 20ರ ಫ್ರೀಜರ್ ಈ ಮೊಟ್ಟೆಯನ್ನು ಕೊಲ್ಲುವುದಿಲ್ಲ, ಆಲ್ಕೋಹಾಲೂ ಕೊಲ್ಲುವುದಿಲ್ಲ. ಮನುಷ್ಯರಿಗೆ ಹತ್ತಿದರೆ ಯಕೃತ್ತಿನಲ್ಲಿ ಗಡ್ಡೆಯ ಹಾಗೆ ಹಬ್ಬುವ ಕಾಯಿಲೆ ಇದು.

ಹಿಕ್ಕೆಯ ಎಲೈಸಾ ಹುಡುಕುವುದು ಹುಳುವಿನ ಆಂಟಿಜೆನ್ ಅನ್ನು, ಅಂದರೆ ಹುಳುವಿನಿಂದ ಹಿಕ್ಕೆಗೆ ಸೇರುವ ವಸ್ತುಗಳನ್ನು, ಹಾಗಾಗಿ ಮೊಟ್ಟೆ ಬರುವ ಮೊದಲೇ ಸುಳಿವು ಸಿಗುತ್ತದೆ. ಬೇರೆ ಲಾಡಿಹುಳುಗಳಿಗೂ ಒಮ್ಮೊಮ್ಮೆ ಪಾಸಿಟಿವ್ ತೋರಿಸುವುದು ಅದರ ತೊಂದರೆ. ಪಿಸಿಆರ್ ಹುಡುಕುವುದು ಹುಳುವಿನ ಡಿಎನ್ಎಯನ್ನು, ಅದು ಯಾವ ಜಾತಿಯ ಹುಳು ಅಂತ ಖಚಿತವಾಗಿ ಹೇಳುತ್ತದೆ, ಆದರೆ ಹಿಕ್ಕೆಯಲ್ಲಿರುವ ಕೆಲವು ವಸ್ತುಗಳು ಆ ಕ್ರಿಯೆಯನ್ನೇ ತಡೆದುಬಿಡುತ್ತವೆ. ಅದನ್ನು ಪತ್ತೆಹಚ್ಚುವ ಒಳ ನಿಯಂತ್ರಣ (ಕ್ರಿಯೆ ನಡೆದಿದೆಯಾ ಅಂತ ತೋರಿಸಲು ಜೊತೆಗೇ ಸೇರಿಸುವ ಗೊತ್ತಿರುವ ಡಿಎನ್ಎ) ಇಟ್ಟಿದ್ದಾರಾ ಅಂತ ಲ್ಯಾಬ್‌ನವರನ್ನು ಕೇಳಿ, ಇಲ್ಲದಿದ್ದರೆ ಅವರ ನೆಗೆಟಿವ್‌ಗೆ ಬೆಲೆಯಿಲ್ಲ.

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ. ಸಂವೇದನಾಶೀಲತೆ (ಸೋಂಕಿರುವ ನರಿಗಳಲ್ಲಿ ಎಷ್ಟನ್ನು ಪರೀಕ್ಷೆ ಹಿಡಿಯುತ್ತದೆ ಅನ್ನುವುದು) ಇಷ್ಟು ಶೇಕಡಾ ಅಂತ ಓದಿ ಎರಡು ಪರೀಕ್ಷೆಗಳನ್ನು ಸುಮ್ನೆ ಹೋಲಿಸಬೇಡಿ. ಸಾವಿರಾರು ಹುಳು ಇದ್ದ ನರಿಗಳಲ್ಲಿ ಯಾವ ಪರೀಕ್ಷೆಯೂ ಚೆನ್ನಾಗಿಯೇ ಕಾಣುತ್ತದೆ, ಐದಾರು ಹುಳು ಇದ್ದಲ್ಲಿ ಅದರ ಬಣ್ಣ ಬಯಲಾಗುತ್ತದೆ. ಜೊತೆಗೆ ಎಣಿಕೆಯ ವಿಧಾನವನ್ನೇ ಪೂರ್ತಿ ಸತ್ಯ ಅಂದುಕೊಂಡರೆ, ಅದು ಬಿಟ್ಟ ಹುಳುವನ್ನು ಪಿಸಿಆರ್ ಹಿಡಿದಾಗ ತಪ್ಪು ಪಿಸಿಆರ್‌ನ ತಲೆಗೇ ಬರುತ್ತದೆ ಅಲ್ವಾ? ಅದಕ್ಕೇ ಯಾವುದನ್ನೂ ಪರಿಪೂರ್ಣ ಅಂದುಕೊಳ್ಳದೆ ಲೆಕ್ಕ ಹಾಕುವ ಲೇಟೆಂಟ್ ಕ್ಲಾಸ್ ವಿಶ್ಲೇಷಣೆ ಮಾಡಿದ ಅಧ್ಯಯನಗಳನ್ನು ಹುಡುಕಿ.

ಹಿಕ್ಕೆ ಮಾತ್ರ ಸಿಗುವುದಾದರೆ ಹೊಸದನ್ನೇ ಆರಿಸಿ, ಮಳೆ ಬಿಸಿಲಿಗೆ ಡಿಎನ್ಎ ಹಾಳಾಗುತ್ತದೆ. ಎಲ್ಲಕ್ಕೂ ಎಲೈಸಾ ಮಾಡಿಸಿ, ಪಾಸಿಟಿವ್ ಬಂದಿದ್ದಕ್ಕೆ ಪಿಸಿಆರ್ ಮಾಡಿಸಿ. ಹಿಕ್ಕೆ ನರಿಯದ್ದೇನಾ ಅನ್ನುವುದನ್ನೂ ಅದೇ ಡಿಎನ್ಎಯಿಂದ ನೋಡಿಸಿಬಿಡಿ.