ಒಳಮೂಲೆಯ ಸ್ಟ್ರೆಸ್ ಏರುತ್ತಲೇ ಇದ್ದರೆ

ತುಂಗಭದ್ರಾ ಅಣೆಕಟ್ಟಿನ ಗೇಟಿನ ಕಂಪ್ಯೂಟರ್ ಮಾದರಿಯಲ್ಲಿ ಮೆಶ್ (ಲೆಕ್ಕಕ್ಕೆ ಮಾದರಿಯನ್ನು ಸಣ್ಣ ತುಂಡು ಮಾಡುವ ಜಾಲರಿ) ಸಣ್ಣ ಮಾಡಿದಷ್ಟೂ ಒಳಮೂಲೆಯ ಸ್ಟ್ರೆಸ್ (ಲೋಹದೊಳಗಿನ ಒತ್ತಡ) ಏರುತ್ತಿದೆ, ಕಾನ್ಫರೆನ್ಸ್ ರಿವ್ಯೂವರ್ ಕನ್ವರ್ಜೆನ್ಸ್ (ಮೆಶ್ ಸಣ್ಣ ಆದಂತೆ ಉತ್ತರ ಒಂದು ಕಡೆ ನಿಲ್ಲುತ್ತೆ ಅನ್ನೋದಕ್ಕೆ ಪುರಾವೆ) ಕೇಳಿದ್ದಾರೆ, ಏನ್ಮಾಡ್ಲಿ ಅಂತ ಕೇಳೀರಲ್ಲ, ಮುನಿರಾಬಾದಿನವ್ರೇ. ಗಾಬರಿ ಆಗಬ್ಯಾಡ್ರಿ, ನಿಮ್ಮ ಸಾಫ್ಟ್‌ವೇರ್ ಕೆಟ್ಟಿಲ್ಲ.

ಚೂಪಾದ ಒಳಮೂಲೆಯಲ್ಲಿ ಲೀನಿಯರ್ ಎಲಾಸ್ಟಿಕ್ (ಬಲಕ್ಕೆ ತಕ್ಕಷ್ಟೇ ಹಿಗ್ಗುತ್ತೆ ಅನ್ನೋ) ಲೆಕ್ಕದ ಪ್ರಕಾರ ಸ್ಟ್ರೆಸ್ ಅನಂತ. ಮೆಶ್ ಎಷ್ಟೇ ಸಣ್ಣ ಮಾಡಿ, ಅದು ನಿಲ್ಲೋದಿಲ್ಲ. ನಿಜವಾದ ಬೆಸುಗೆಗೆ ಒಂದಿಷ್ಟು ದುಂಡು ಇದ್ದೇ ಇರುತ್ತೆ. ಮಾದರಿಯಲ್ಲೂ ಆ ದುಂಡು (ಫಿಲೆಟ್) ಕೊಡಿ. ಆಗದಿದ್ದರೆ ಮೂಲೆಯಿಂದ ದೂರದ ಒಂದು ಗೊತ್ತಾದ ಬಿಂದುವಿನಲ್ಲಿ ಸ್ಟ್ರೆಸ್ ಓದಿ.

ಕನ್ವರ್ಜೆನ್ಸ್‌ಗೆ ಮೂರು ಮೆಶ್ ಸಾಕು, ಪ್ರತಿ ಸಲ ಎಲಿಮೆಂಟ್ (ಮೆಶ್‌ನ ಒಂದು ತುಂಡು) ಅಳತೆ ಅರ್ಧ. ಉದಾಹರಣೆಗೆ ಬಾಗುವಿಕೆ 3.600, 3.900, 3.975 ಮಿ.ಮೀ. ಬಂತು ಅನ್ನಿ. ವ್ಯತ್ಯಾಸ 0.300, ಆಮೇಲೆ 0.075. ನಾಲ್ಕು ಪಟ್ಟು ಇಳೀತು, ಅಂದರೆ ಎರಡನೇ ಆರ್ಡರ್ (ಅಳತೆ ಅರ್ಧ ಆದರೆ ತಪ್ಪು ನಾಲ್ಕನೇ ಒಂದು ಭಾಗ). ಮೆಶ್ ಇನ್ನೂ ಸಣ್ಣ ಆದರೆ ಉತ್ತರ ಎಲ್ಲಿ ನಿಲ್ಲುತ್ತೆ ಅಂತ ಅಂದಾಜಿಸುವ ರಿಚರ್ಡ್‌ಸನ್ ವಿಧಾನದಲ್ಲಿ 3.975ಕ್ಕೆ 0.075ರ ಮೂರನೇ ಒಂದು ಭಾಗ ಕೂಡಿಸಿ: 4.000. ಈ ಟೇಬಲ್ ಹಾಕಿದರೆ ರಿವ್ಯೂವರ್ ಅರ್ಧ ತಣ್ಣಗಾಗ್ತಾರೆ.

ಇನ್ನೊಂದು ಮಾತು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಗಿದ್ದು ಚೈನ್ ಕಡಿದು. ಪೀಠಿಕೆಯಲ್ಲಿ ಆ ಘಟನೆ ಬರೆದು ಒಳಗೆ ಬರೀ ಪ್ಲೇಟಿನ ಲೆಕ್ಕ ಇಟ್ಟಿದ್ದರೆ, ಚೈನಿನ ಲೆಕ್ಕ ಎಲ್ಲಿ ಅಂತ ವೇದಿಕೆ ಮೇಲೆ ಮೊದಲನೇ ಪ್ರಶ್ನೆ ಅದೇ ಬರ್ತದ.