ಹಳೇ ಡೀಸೆಲ್ ಬೆಂಝ್ ತಗೊಳ್ಳಬಹುದಾ?

ಪ್ರಶ್ನೆ: ಸರ್, ನನ್ನದು ದಾವಣಗೆರೆಯಲ್ಲಿ ವ್ಯಾಪಾರ. ವಾರವಾರ ಬೆಂಗಳೂರಿಗೆ ಹೋಗಿಬರಬೇಕು. 2012ರ ಬೆಂಝ್ ಇ 250 ಸಿಡಿಐ ಒಂದು ಹೊಸ ಕ್ರೆಟಾಗಿಂತ ಕಡಿಮೆ ಬೆಲೆಗೆ ಬಂದಿದೆ. ಮನೆಯವರು ಬೇಡವೇ ಬೇಡ ಅಂತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಓಡಾಟಕ್ಕಂತೂ ಹೇಳಿ ಮಾಡಿಸಿದ ಕಾರು. 2143 ಸಿಸಿ ಎಂಜಿನ್, 204 ಎಚ್‌ಪಿ. ಅದಕ್ಕಿಂತ ಮುಖ್ಯ ಅದರ 500 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, ಅದೂ 1600 ಆರ್‌ಪಿಎಂಗೇ ಸಿಗುತ್ತದೆ. ಹಿರಿಯೂರು ಹತ್ತಿರ ಲಾರಿ ಸಾಲು ದಾಟುವಾಗ ಎಂಜಿನ್ ಕೂಗಾಡುವುದಿಲ್ಲ, ಕಾಲು ಸ್ವಲ್ಪ ಒತ್ತಿದರೆ ಸಾಕು. ಹೈವೇಯಲ್ಲಿ ಹದವಾಗಿ ಓಡಿಸಿದರೆ ಲೀಟರಿಗೆ 14-15 ಕಿ.ಮೀ. ಬರುತ್ತದೆ. ಬಿಎಸ್ 6 ದೊಡ್ಡ ಡೀಸೆಲ್ ಕಾರುಗಳಲ್ಲಿ ಹೊಗೆ ಶುದ್ಧ ಮಾಡಲು ಆಗಾಗ ತುಂಬಿಸಬೇಕಾದ ಆಡ್‌ಬ್ಲೂ ದ್ರಾವಣದ ರಗಳೆಯೂ ಇಲ್ಲ.

ಆದರೆ ಇಳಿದಿರುವುದು ಕಾರಿನ ಬೆಲೆ ಮಾತ್ರ, ಪಾರ್ಟ್ಸ್ ಬೆಲೆ ಅಲ್ಲ. ಹೊಸದರಲ್ಲಿ ಆನ್‌ರೋಡ್ ಅರ್ಧ ಕೋಟಿ ಆಸುಪಾಸು ಇದ್ದ ಕಾರಿದು, ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ನಿಂದ ಸಸ್ಪೆನ್ಶನ್ ಬುಷ್‌ವರೆಗೆ ಎಲ್ಲಕ್ಕೂ ಅದೇ ಮಟ್ಟದ ಬಿಲ್ ಬರುತ್ತದೆ. ಕಾರಿನ ದುಡ್ಡಲ್ಲದೆ ಒಂದೂವರೆ-ಎರಡು ಲಕ್ಷ ಬೇರೆ ಎತ್ತಿಡಿ. ಅದು ಆಗಲ್ಲ ಅಂದರೆ ಮನೆಯವರ ಮಾತೇ ಸರಿ.

ನೋಡಲು ಬೆಳಗ್ಗೆ ಬೇಗ ಹೋಗಿ, ಮೊದಲು ಬಾನೆಟ್ ಮುಟ್ಟಿ ನೋಡಿ. ತಣ್ಣಗಿರಬೇಕು. ಬಿಸಿ ಇದ್ದರೆ ಮಾರುವವರು ಆಗಲೇ ಒಂದು ಸಲ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ, ಯಾಕೆ ಅಂತ ಕೇಳಿ. ಸ್ಟಾರ್ಟ್ ಆದ ಮೊದಲ ಒಂದೆರಡು ಸೆಕೆಂಡ್ ಗರಗರ ಸದ್ದು ಬಂದರೆ ಟೈಮಿಂಗ್ ಚೈನ್ (ಎಂಜಿನ್ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಚೈನ್) ಮೇಲೆ ಅನುಮಾನ ಪಡಿ. ಈ ಎಂಜಿನ್‌ನಲ್ಲಿ ಚೈನ್ ಇರುವುದು ಹಿಂದೆ, ಗಿಯರ್‌ಬಾಕ್ಸ್ ಕಡೆ, ಹಾಗಾಗಿ ಲೇಬರ್ರೇ ಜಾಸ್ತಿ. 2009-10ರ ಮೊದಲ ಕಾರುಗಳಲ್ಲಿ ಇಂಜೆಕ್ಟರ್ ಕಾಟ ಇತ್ತು. ನಿಮ್ಮದು ಆಮೇಲಿನದು, ಆದರೂ ಬಿಲ್ ಕೇಳಿ. ಗಿಯರ್‌ಬಾಕ್ಸ್ ಆಯಿಲ್ ಬದಲಾಯಿಸಿದ ಬಿಲ್ಲೂ ಬೇಕು, ‘ಅದು ಲೈಫ್‌ಟೈಮ್ ಸರ್, ಬದಲಾಯಿಸೋದೇ ಬೇಡ’ ಅಂದರೆ ಒಪ್ಪಬೇಡಿ. ಮೀಟರ್ 50 ಸಾವಿರ ಅನ್ನುತ್ತಿದ್ದು, ಬ್ರೇಕ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದ್ದರೆ ಮೀಟರ್ ತಿರುಗಿಸಿದ್ದಾರಾ ಅಂತ ಲೆಕ್ಕ ನೀವೇ ಹಾಕಿ.

ಇನ್ನು ಇನ್ಶೂರೆನ್ಸ್. ಇಷ್ಟು ಹಳೇ ಕಾರಿಗೆ ಝೀರೋ ಡೆಪ್ (ಪಾರ್ಟ್‌ಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಪಾಲಿಸಿ) ಸಿಗುವುದು ಕಷ್ಟ. ಅದಿಲ್ಲದಿದ್ದರೆ ಕ್ಲೇಮ್‌ನಲ್ಲಿ ಪ್ಲಾಸ್ಟಿಕ್, ರಬ್ಬರ್ ಪಾರ್ಟ್‌ಗಳ ಅರ್ಧ ದುಡ್ಡು ನಿಮ್ಮ ಜೇಬಿಂದ, 10 ವರ್ಷ ದಾಟಿದ ಮೇಲೆ ಲೋಹದ್ದಕ್ಕೂ ಹಾಗೇ. ಬಂಪರ್‌ಗೆ ಒಂದು ಬೈಕ್ ಗುದ್ದಿದರೂ ಸಾಕು. 2027ಕ್ಕೆ ಕಾರಿಗೆ 15 ವರ್ಷ ತುಂಬುತ್ತದೆ, ಆರ್‌ಸಿ ನವೀಕರಣ, ಗ್ರೀನ್ ಟ್ಯಾಕ್ಸ್ ಅಂತ ಆರ್‌ಟಿಒ ಓಡಾಟವೂ ಇದೆ.

ಪ್ರಶ್ನೆ: ಇದೇ ಥರದ ಕಾರು ದೆಹಲಿಯಲ್ಲಿ ಇನ್ನೂ ಅಗ್ಗ ಅಲ್ವಾ? ತರಿಸಿಕೊಳ್ಳಬಹುದಾ? (ಓದುಗರು, ಹುಬ್ಬಳ್ಳಿ)

ಉತ್ತರ: ಅಗ್ಗ ಆಗಿದ್ದು ಯಾಕೆ ಅಂದರೆ, 10 ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಿಸಬಾರದು ಅಂತ 2015ರಲ್ಲಿ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಜಾರಿ ಮಾಡಿ ಅಂದಿತು. ಆಗ ಅಲ್ಲಿನವರು ಮಾರಿ ಕೈತೊಳೆದುಕೊಳ್ಳತೊಡಗಿದರು. 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಡಿಲಿಸಿತು. ಆದರೆ ಇಲ್ಲಿ ಮತ್ತೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು, ಅದೂ ನೀವು ಕೊಟ್ಟ ಬೆಲೆ ಮೇಲಲ್ಲ, ಕಾರಿನ ಮೂಲ ಬೆಲೆ ಹಿಡಿದು, ವಯಸ್ಸಿಗೆ ತಕ್ಕ ರಿಯಾಯಿತಿ ಕಳೆದು. ಉಳಿಸಿದ್ದರಲ್ಲಿ ದೊಡ್ಡ ಪಾಲು ಅಲ್ಲೇ ಹೋಗುತ್ತದೆ. ಎಷ್ಟಾಗುತ್ತದೆ ಅಂತ ಆರ್‌ಟಿಒದಲ್ಲಿ ಮೊದಲೇ ಕೇಳಿ. ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ.

ಪ್ರಶ್ನೆ: ಬೆಂಗಳೂರಲ್ಲಿ ಮನೆಯಿಂದ ಆಫೀಸಿಗೆ 5 ಕಿ.ಮೀ. ಅಷ್ಟೇ. ನನಗೂ ಡೀಸೆಲ್ಲೇ ಇಷ್ಟ. (ಓದುಗರು, ಜಯನಗರ)

ಉತ್ತರ: ಬೇಡ. ಎಂಜಿನ್ ಬಿಸಿಯಾಗುವ ಮೊದಲೇ ಆಫೀಸು ಬಂದಿರುತ್ತದೆ. ದಿನಾ ಹೀಗೇ ಆದರೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್‌ನಲ್ಲಿ ಮಸಿ ಕಟ್ಟುತ್ತದೆ. ಪೆಟ್ರೋಲ್ ನೋಡಿ.