ಹಾಲೆ ತೊಗಟೆಯ ವಿಷ ಪರೀಕ್ಷೆಗೆ ವಿಸ್ಟಾರ್ ಇಲಿಯೋ, ಸ್ವಿಸ್ ಮೈಸೋ?

ಹಾಲೆ (ಸಪ್ತಪರ್ಣಿ) ಮರದ ತೊಗಟೆಯ ಸಾರವನ್ನು ದಿನಾ ಕುಡಿಸಿ ವಿಷ ನೋಡುವ 28 ದಿನದ ಪರೀಕ್ಷೆಗೆ, ದೊಡ್ಡ ಲ್ಯಾಬ್ ಇಲಿ ವಿಸ್ಟಾರ್ ಬದಲು ಪುಟ್ಟ ಸ್ವಿಸ್ ಮೈಸ್ ತಗೊಂಡರೆ ಸಾರ ಕಡಿಮೆ ಸಾಕಲ್ವಾ ಎಂದು ಕೇಳಿದ್ದೀರಿ. ಮಂಗಳೂರಿನಲ್ಲಿ ಎಂ.ಫಾರ್ಮ್ ಮಾಡುವಾಗ ನಾನೂ ಇದೇ ಮರಕ್ಕೆ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ಕೊನೆಗೆ ವಿಸ್ಟಾರ್ ಇಲಿಗಳನ್ನೇ ತೆಗೆದುಕೊಂಡೆ. ಸಾರ ಕೊಡದ ಕಂಟ್ರೋಲ್ ಗುಂಪು ಸೇರಿ ನಾಲ್ಕು ಗುಂಪು, ಪ್ರತಿ ಗುಂಪಿಗೆ ಐದು ಗಂಡು ಐದು ಹೆಣ್ಣು, ಒಟ್ಟು 40. ಡೋಸ್ ಕಿಲೋ ತೂಕಕ್ಕೆ 250, 500, 1000 ಮಿಲಿಗ್ರಾಂ. ತೊಗಟೆಯನ್ನು ಮಾರ್ಚ್‌ನಲ್ಲಿ ಕಾರ್ಕಳದ ಹತ್ತಿರದ ನೆಂಟರ ತೋಟದಿಂದ ತಂದಿದ್ದೆ. ನೆರಳಲ್ಲೇ ಗರಿಗರಿ ಒಣಗಿತ್ತು. ಒಂದು ಕಿಲೋ ಪುಡಿಗೆ 80 ಗ್ರಾಂ ಸಾರ ಬಂತು. ಇಲಿಗಳ ಸರಾಸರಿ ತೂಕ 160 ಗ್ರಾಂ. ಅಂದರೆ ದಿನಕ್ಕೆ 2.8 ಗ್ರಾಂ ಸಾರ, 28 ದಿನಕ್ಕೆ 78 ಗ್ರಾಂ ಚಿಲ್ಲರೆ. ಸಾಕು ಎಂದುಕೊಂಡೆ.

ಇಲಿ ಬೆಳೆಯುತ್ತದೆ ಎನ್ನುವುದು ನನ್ನ ತಲೆಗೇ ಬರಲಿಲ್ಲ. ಆರೇಳು ವಾರದ ಮರಿಗಳವು, ದಿನದಿನಕ್ಕೆ ದಪ್ಪವಾಗುತ್ತವೆ. ವಾರಕ್ಕೊಮ್ಮೆ ತೂಗಿ, ಹೊಸ ತೂಕಕ್ಕೆ ಸರಿಯಾಗಿ ಡೋಸ್ ಏರಿಸಲೇಬೇಕು, ಇಲ್ಲದಿದ್ದರೆ ಕಿಲೋಗೆ ಇಷ್ಟು ಎನ್ನುವ ಮಾತಿಗೇ ಅರ್ಥವಿಲ್ಲ. ಮೂರನೇ ವಾರಕ್ಕೆ ಸರಾಸರಿ 225 ಗ್ರಾಂ ಮುಟ್ಟಿತು. ದಿನಕ್ಕೆ ಹತ್ತಿರ ಹತ್ತಿರ 4 ಗ್ರಾಂ ಸಾರ ಹೋಗತೊಡಗಿತು. ಇದರ ಮೇಲೆ ದಿನಾ ಸಿಎಂಸಿ ಎಂಬ ಮಂದ ದ್ರಾವಣದಲ್ಲಿ ಅರೆಯುವಾಗ ಕಲ್ವಕ್ಕೆ, ಸಿರಿಂಜಿಗೆ ಅಂಟಿಕೊಂಡು ಹೋಗುವುದು ಬೇರೆ. 20ನೇ ದಿನ ಬಾಟಲಿಯ ತಳ ಕೆರೆದೆ.

ಆಗ ಆಟಿ ತಿಂಗಳು, ತುಳುವರ ಜುಲೈ-ಆಗಸ್ಟ್‌ನ ಮಳೆ ತಿಂಗಳು. ಹೊರಗೆ ಬಿಡದ ಮಳೆ. ಸಾರ ಮುಗಿಯುವ ಎರಡು ದಿನ ಮೊದಲೇ ಅದೇ ಮರದಿಂದ ಮತ್ತೆ ತೊಗಟೆ ತಂದು ಹಾಸಿದ್ದೆ. ಎರಡನೇ ದಿನಕ್ಕೇ ಒಳಮೈಯಲ್ಲಿ ಬಿಳಿ ಬೂಷ್ಟು, ಒದ್ದೆ ಗೋಣಿಯ ವಾಸನೆ. ಬಟ್ಟೆಯಲ್ಲಿ ಒರೆಸಿ ಓವನ್‌ಗೆ ಹಾಕಿ, ಆ ರಾತ್ರಿಯೇ ಸಾರ ತೆಗೆದು, 21ನೇ ದಿನದಿಂದ ಅದನ್ನೇ ಕುಡಿಸಿದೆ.

24ನೇ ದಿನ ದೊಡ್ಡ ಡೋಸಿನ ಗುಂಪಿನ ಇಲಿಗಳು ಮೈ ಕೂದಲು ನಿಗುರಿಸಿಕೊಂಡು ಭತ್ತದ ಹೊಟ್ಟಿನ ಮೂಲೆಯಲ್ಲಿ ಕೂತಿದ್ದವು. ಬೆಳಿಗ್ಗೆ ಕೈ ಒಳಗಿಟ್ಟರೆ ಬೆರಳು ಮೂಸಲು ಓಡಿ ಬರುತ್ತಿದ್ದ ಒಂದು ಹೆಣ್ಣಿಲಿ ತಲೆಯನ್ನೂ ಎತ್ತಲಿಲ್ಲ. ಕೊನೆಗೆ ರಕ್ತ ನೋಡಿದರೆ ಲಿವರ್‌ಗೆ ಪೆಟ್ಟಾದರೆ ಹೆಚ್ಚುವ ಎಸ್‌ಜಿಪಿಟಿ ಏರಿತ್ತು, ಲಿವರ್ ಮಂಕಾಗಿತ್ತು. ಇದು ಹಾಲೆಯ ವಿಷವೋ, 24 ದಿನ ಸೇರಿ ಸೇರಿ ಆದದ್ದೋ, ಬೂಷ್ಟಿನ ವಿಷವೋ? ಕೆಲವು ಬೂಷ್ಟುಗಳ ಅಫ್ಲಾಟಾಕ್ಸಿನ್ ಎಂಬ ವಿಷ ಹಿಡಿಯುವುದೂ ಲಿವರನ್ನೇ. ಓವನ್ ಕಾವಿಗೆ ಅದು ಹೋಗುವುದಿಲ್ಲ. ಉತ್ತರ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. 40 ಜೀವ ಹೋದವು, ಒಂದು ಸಾಲೂ ಬರೆಯುವ ಹಾಗಿರಲಿಲ್ಲ. ಎಥಿಕ್ಸ್ ಕಮಿಟಿಗೆ ಹೊಸದಾಗಿ ಫಾರ್ಮ್ ಬಿ (ಪ್ರಾಣಿ ಪ್ರಯೋಗದ ಅನುಮತಿ ಅರ್ಜಿ) ಕೊಟ್ಟು ಮತ್ತೆ ಶುರು ಮಾಡುವಾಗ ಒಂದು ವರ್ಷ ಕಳೆದಿತ್ತು. ಆ ಹೆಣ್ಣಿಲಿ ಈಗಲೂ ನೆನಪಾಗುತ್ತದೆ.

ಅದಕ್ಕೇ ಹೇಳುತ್ತೇನೆ, ಇಲಿಯೋ ಮೈಸೋ ಎನ್ನುವುದು ಈಗ ಕೇಳುವ ಪ್ರಶ್ನೆಯೇ ಅಲ್ಲ. ಸಾರ ಕಡಿಮೆ ಇದೆ ಎಂದು ಪ್ರಾಣಿ ಆರಿಸುವುದು ತಪ್ಪು. ಮೈಸ್‌ನ ಚಿಟಿಕೆ ರಕ್ತದಲ್ಲಿ ರಕ್ತಕಣದ ಲೆಕ್ಕ, ಲಿವರ್, ಕಿಡ್ನಿ ಎಲ್ಲ ನೋಡಲು ಹೋಗಿ ಪೇಚಾಡುತ್ತೀರಿ, ಇಲಿಯನ್ನೇ ತಗೊಳ್ಳಿ. ಆದರೆ ಮೊದಲ ಪ್ರಾಣಿ ಬರುವ ಮುಂಚೆಯೇ ಪೂರ್ತಿ ಸಾರ ಒಂದೇ ಬ್ಯಾಚಿನಲ್ಲಿ ಫ್ರಿಜ್‌ನಲ್ಲಿರಬೇಕು. ಲೆಕ್ಕವನ್ನು 28ನೇ ದಿನದ ತೂಕದಲ್ಲಿ ಹಾಕಿ, ಮೇಲೆ ಕಾಲು ಭಾಗ ಜಾಸ್ತಿ ಇಡಿ. ಮರವನ್ನು ಸಸ್ಯಶಾಸ್ತ್ರದವರಿಗೆ ತೋರಿಸಿ ಇದು ಹಾಲೆಯೇ ಎಂದು ಬರೆಸಿಕೊಳ್ಳಿ. ಆಟಿ ಅಮಾವಾಸ್ಯೆಗೆ ಕುಡಿಯುವ ಹಾಲೆ ಕಷಾಯಕ್ಕೆ ತೊಗಟೆ ತರುವಾಗ, ತಪ್ಪಿ ಕಾಸರ್ಕ ಮರ ಕೆತ್ತಬೇಡ ಎಂದು ಮನೆಯ ಹಿರಿಯರು ಸುಮ್ನೆ ಹೇಳುವುದಲ್ಲ, ಕಾಸರ್ಕದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಜೀವ ತೆಗೆಯುವ ವಿಷ.

ಇನ್ನೊಂದು, 28 ದಿನಕ್ಕೆ ನೇರ ಹಾರಬೇಡಿ. ಮೊದಲು ಒಂದೇ ಡೋಸ್ ಕೊಟ್ಟು ನೋಡಿ; ಅದಕ್ಕಿರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಒಇಸಿಡಿ 423ರ ಪ್ರಕಾರ ಹಂತಕ್ಕೆ ಮೂರೇ ಇಲಿ, 14 ದಿನ ನೋಡಿದರೆ ಸಾಕು. ಕಿಲೋಗೆ 2000 ಮಿಲಿಗ್ರಾಂನಲ್ಲಿ ಒಂದೂ ಸಾಯದಿದ್ದರೆ ಥೀಸಿಸ್‌ನಲ್ಲಿ ಸುರಕ್ಷಿತ ಎಂದು ಬರೆಯಬೇಡಿ. ಒಂದು ಡೋಸಿಗೆ ಸಾಯಲಿಲ್ಲ ಅಂತ ಮಾತ್ರ ಅದರ ಅರ್ಥ.

ಆಟಿಯ ತೊಗಟೆಯೇ ಬೇಕು ಎಂದು ಗೈಡ್ ಹೇಳಿದರೆ ಒಣಗಿಸಲು ಹೋಗಲೇಬೇಡಿ, ಅಂದೇ ಹಸಿ ತೊಗಟೆಯ ಕಷಾಯ ತೆಗೆದು ಫ್ರೀಜ್ ಡ್ರೈ (ಹೆಪ್ಪುಗಟ್ಟಿಸಿ ಒಣಗಿಸುವುದು) ಮಾಡಿಸಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಫಾರ್ಮ್ ಬಿ ಬರೆಯುತ್ತಾ ಇರಿ, ಡಿಸೆಂಬರ್‌ವರೆಗೆ ಮರಕ್ಕೆ ಕೈ ಹಾಕಬೇಡಿ.